ರೆಕ್ಕೆ ಬೇಡ, ಗಾಳಿ ಬೇಡ

ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ದೆವ್ವದ ಸಿನಿಮಾ ಹಾಕಿಕೊಂಡು ಕೂರುವುದು ಕಾಂತಾಳ ಮನೆಯಲ್ಲಿ ಇಪ್ಪತ್ತು ವರ್ಷದಿಂದ ನಡೆದುಬಂದ ಪದ್ಧತಿ. ನೋಡುವವರು ಇಬ್ಬರೇ. ಒಬ್ಬಳು ಕಾಂತಾ, ಖಾನಾಪುರದ ಆಸ್ಪತ್ರೆಯೊಂದರಲ್ಲಿ ಮೂವತ್ತೆರಡು ವರ್ಷ ನರ್ಸಾಗಿದ್ದವಳು, ಮದುವೆಯ ಗೊಡವೆಗೆ ಹೋಗದವಳು. ಇನ್ನೊಬ್ಬ ಅವಳ ಅಕ್ಕನ ಮಗ ಅನಿಕೇತ. ಅಕ್ಕ ಪೂರ್ಣಿಮಾ ಮತ್ತು ಭಾವ ಬೆಳಗಾವಿಯ ಆಟೋ ನಗರದಲ್ಲಿ ಲಾರಿಯ ಬಿಡಿಭಾಗಗಳ ಅಂಗಡಿಯಲ್ಲೇ ಮುಳುಗಿರುತ್ತಿದ್ದರು. ಹಾಗಾಗಿ ಅವನು ಬೆಳೆದದ್ದೆಲ್ಲ ಮಹಾಂತೇಶ ನಗರದಲ್ಲಿದ್ದ ಈ ಮೌಶಿಯ, ಅಂದರೆ ಚಿಕ್ಕಮ್ಮನ ಮನೆಯಲ್ಲಿ, ಮೌಶಿಯ ಕೈತುತ್ತಿನಲ್ಲಿ.

ದೆವ್ವಗಳ ಬಗ್ಗೆ ಕಾಂತಾಳಿಗೆ ಯಾವ ತಕರಾರೂ ಇರಲಿಲ್ಲ. ಅವು ಹೇಳಿದ ಹೊತ್ತಿಗೆ ಬರುತ್ತವೆ, ಬಂದ ಕೆಲಸ ಮಾಡುತ್ತವೆ. ಅವಳ ಸಿಟ್ಟೆಲ್ಲ ಆ ದೆವ್ವವನ್ನು ಓಡಿಸಲು ಕೊನೆಯ ಹತ್ತು ನಿಮಿಷ ಇದ್ದಾಗ ಇಳಿದು ಬರುವ ದೇವತೆಗಳ ಮೇಲೆ. ಅನಿಕೇತ ಸಾಲೆಯಲ್ಲಿ ಕಲಿತು ಬಂದು ಅವರನ್ನು ‘ಏಂಜಲ್’ ಎನ್ನುತ್ತಿದ್ದ. ಕಾಂತಾ ಬೇಕೆಂದೇ ‘ಎಂಜಲ’ ಎನ್ನುತ್ತಿದ್ದಳು.

“ನೋಡಲ್ಲಿ, ಬಂದಳು ನಿನ್ನ ಎಂಜಲ. ಮೂರ ಮಂದಿ ಸತ್ತ ಮ್ಯಾಲ ಬಂದಾಳ. ಇಷ್ಟೊತ್ತನ ಎಲ್ಲಿ ಹೋಗಿದ್ದಳು? ಇಕಿ ಡ್ಯೂಟಿ ಟೈಮ ಎಷ್ಟಕ್ಕ?”

“ಮೌಶಿ, ಸುಮ್ನ ನೋಡು.”

“ತಲಿ ಹಿಂದ ಟ್ಯೂಬ್‌ಲೈಟ ಇಟ್ಟಕೊಂಡ ನಿಂತಾಳಲ್ಲೋ. ಪೇಶಂಟನ ನರ ಹೆಂಗ ಹುಡುಕತಾಳ? ಬೆಳಕು ಮುಂದ ಬೇಕು, ಹಿಂದಲ್ಲ.”

ರೆಕ್ಕೆಯ ಮೇಲಂತೂ ಅವಳಿಗೆ ವಿಶೇಷ ಕೋಪ. ಬೆಳಿಗ್ಗೆ ಏಳೂವರೆಯ ಖಾನಾಪುರ ಬಸ್ಸಿಗೆ ಆ ದೇವತೆಯನ್ನು ಒಂದೇ ಒಂದು ಸಲ ಹತ್ತಿಸಬೇಕು, ಇಳಿಯುವಾಗ ರೆಕ್ಕೆ ಇವಳ ಬೆನ್ನ ಮೇಲಿದ್ದರೆ ಕೇಳಬೇಕು ಎನ್ನುತ್ತಿದ್ದಳು. ಕೋಣೆಯ ಕಿಟಕಿ ಬಾಗಿಲು ಮುಚ್ಚಿದ್ದರೂ ದೇವತೆಯ ಕೂದಲು ಮಾತ್ರ ಹಾರಾಡುವುದು ಯಾವ ಗಾಳಿಗೆ? ಪಕ್ಕದಲ್ಲಿ ಮಲಗಿದ ರೋಗಿಯ ಹೊದಿಕೆ ಯಾಕೆ ಹಾರುವುದಿಲ್ಲ? ಕಪ್ಪು ಕಾಡಿಗೆ ಹಚ್ಚಿ ಒಂದೇ ಕಣ್ಣಿನಿಂದ ಒಂದೇ ಹನಿ ಅಳುವುದನ್ನು ಅವರಿಗೆ ಯಾರು ಕಲಿಸಿದರು? ಇನ್ನು ಆ ಬಿಳಿ ಬಟ್ಟೆ. ಮೂವತ್ತೆರಡು ವರ್ಷ ಬಿಳಿ ಉಟ್ಟವಳಿಗೆ ಬಿಳಿಯ ಕಷ್ಟ ಗೊತ್ತು. ರಕ್ತ, ಅಯೋಡಿನ್, ಬಾಣಂತಿಯರ ಅರಿಶಿಣ, ಮಳೆಗಾಲದ ಖಾನಾಪುರದ ಕೆಂಪು ಕೆಸರು. ಎಷ್ಟು ನೀಲಿ ಹಾಕಿದರೂ ವಾರ ಕಳೆಯುವುದರಲ್ಲಿ ಸೆರಗು ಗೋಡೆಯ ಬಣ್ಣಕ್ಕೆ ತಿರುಗುತ್ತಿತ್ತು. ಸಿನಿಮಾದ ದೇವತೆ ಸ್ಮಶಾನದಲ್ಲಿ ಉರುಳಾಡಿ ಎದ್ದರೂ ಈಗಷ್ಟೇ ಇಸ್ತ್ರಿ ಮಾಡಿದ ಹಾಗೆ ನಿಂತಿರುತ್ತಾಳೆ.

“ಅಂದ್ರ ಕೆಲಸ ಮಾಡಿಲ್ಲಂತ ಅರ್ಥ,” ಎಂದು ಕಾಂತಾ ತೀರ್ಪು ಕೊಡುತ್ತಿದ್ದಳು. “ಯಾರೂ ‘ಮಾನವನೇ, ಭಯಪಡಬೇಡ’ ಅಂತ ಮಾತಾಡಂಗಿಲ್ಲಪಾ. ಹಂಗ ಮಾತಾಡಿದ್ರ ಭಯಾನ ಬೀಳತಾರ. ಊಟ ಆತೇನು, ಒಂದಕ್ಕ ಹೋಗಿದ್ದೇನು, ಹಿಂಗ ಕೇಳಬೇಕು.”

ಅನಿಕೇತ ಬಿದ್ದು ಬಿದ್ದು ನಗುತ್ತಿದ್ದ. ಆ ನಗುವನ್ನು ಕೇಳಲೆಂದೇ ಅವಳು ಇನ್ನಷ್ಟು ಹೇಳುತ್ತಿದ್ದಳು. ಅವನ ಹಾಗೆ ತನ್ನ ಮಾತು ಕೇಳುವವರು ಬೇರೆ ಯಾರೂ ಇಲ್ಲ ಎಂಬುದು ಅವಳ ಬದುಕಿನ ದೊಡ್ಡ ಸಮಾಧಾನವಾಗಿತ್ತು.

ಕೋವಿಡ್ ವರ್ಷದಲ್ಲಿ ಕಾಂತಾಳಿಗೆ ಜ್ವರ ಹಿಡಿದು ಮನೆಯ ಒಳಕೋಣೆಯಲ್ಲಿ ಹದಿನಾಲ್ಕು ದಿನ ಒಬ್ಬಳೇ ಮಲಗಬೇಕಾಯಿತು. ಆಗ ಕೋಣೆಯ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತವನು ಅನಿಕೇತನೇ. ಗಂಜಿ ಮಾಡಿ ಹೊಸ್ತಿಲಲ್ಲಿ ಇಡುತ್ತಿದ್ದ, ಮುಚ್ಚಿದ ಬಾಗಿಲಿನಾಚೆಯಿಂದ ಮಾತಾಡಿಸುತ್ತಿದ್ದ. ಒಂಬತ್ತನೆಯ ದಿನ ಉಸಿರು ಸಾಲದೆ ಬಂದಾಗ ಕಾಂತಾಳಿಗೆ ತಾನು ಉಳಿಯುವುದಿಲ್ಲ ಅನ್ನಿಸಿತು. ಎಂದೂ ಯಾರಿಗೂ ಹೇಳದ ಒಂದು ಮಾತನ್ನು ಅಂದು ಅವನಿಗೆ ಹೇಳಿದಳು.

ಎಷ್ಟೋ ವರ್ಷದ ಹಿಂದಿನ ಮಾತು. ನಂದಗಡದಾಚೆಯ ಕುರಿಗಾರರ ಹೆಂಗಸು ಕಾಡವ್ವ, ಮಳೆಗಾಲದಲ್ಲಿ ಜ್ವರ ನೆತ್ತಿಗೇರಿ ಆಸ್ಪತ್ರೆಗೆ ಬಂದಿದ್ದಳು. ಮಗ ಸತ್ಯಪ್ಪ ಕುರಿ ಹೊಡೆದುಕೊಂಡು ಎಲ್ಲೋ ಹೋಗಿದ್ದ. ಹೇಳಿ ಕಳಿಸಿದರೂ ಸುದ್ದಿ ಮುಟ್ಟಿರಲಿಲ್ಲ. ಎರಡು ದಿನ ಆ ಮುದುಕಿ ಬಾಗಿಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ. “ಸತ್ಯಾ ಬಂದಾನೇನ್ರಿ ಬಾಯಾರ?” ಎಂದು ತಾಸಿಗೊಮ್ಮೆ ಕಾಂತಾಳನ್ನು ಕೇಳುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾಡಿ ಇಳಿಯತೊಡಗಿದಾಗ ಕಾಂತಾ ಅವಳ ಕೈ ಹಿಡಿದು ಹೇಳಿದಳು: “ಬಂದಾನ್ರಿ ಯವ್ವಾ. ಹೊರಗ ನಳದಾಗ ಕಾಲು ತೊಳಕೊಳ್ಳಾಕ ಹತ್ತ್ಯಾನ. ಕಾಲ ತುಂಬ ಕೆಸರ ಆಗೇತಿ.”

ಕಾಡವ್ವನ ಮುಖ ಬಿಚ್ಚಿಕೊಂಡಿತು. “ಕಂಬಳಿ ತೊಯ್ದಿರತೈತಿ, ಹಿಂಡಿ ಒಣಹಾಕು ಅನ್ರಿ ಅವಗ,” ಅಂದಳು. ಅಷ್ಟೇ. ಆಮೇಲೆ ಮಾತಾಡಲಿಲ್ಲ.

ಸತ್ಯಪ್ಪ ಬಂದದ್ದು ಮಾರನೆಯ ದಿನ. ಇಪ್ಪತ್ತು ವರ್ಷದ ಹುಡುಗ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. “ನನ್ನ ಕೇಳಿದಳೇನ್ರಿ?” ಅಂದ. ಕಾಂತಾ ಅವನ ಹಣೆಯ ರಕ್ತಕ್ಕೆ ಹತ್ತಿ ಒತ್ತಿ ಹಿಡಿದಳು. “ಇಲ್ಲಪಾ. ನಿದ್ದಿಯೊಳಗ ಹೋದಳು. ಯಾರನ್ನೂ ಕೇಳಲಿಲ್ಲ,” ಎಂದಳು. ಹುಡುಗ ತಲೆ ಚಚ್ಚಿಕೊಳ್ಳುವುದನ್ನು ನಿಲ್ಲಿಸಿದ. ಅಂದಿನಿಂದ ವರ್ಷಕ್ಕೊಮ್ಮೆ ಹೊಸ ಅಕ್ಕಿ ಹೊತ್ತುಕೊಂಡು ಕಾಂತಾಳ ಮನೆಗೆ ಬರುವುದನ್ನು ಬಿಡಲಿಲ್ಲ.

“ಎರಡ ಸುಳ್ಳ ಹೇಳೀನೋ ಅನಿಕೇತ,” ಎಂದು ಕಾಂತಾ ಬಾಗಿಲ ಆಚೆಯಿಂದ ಹೇಳಿದಳು. “ತಾಯಿಗೊಂದು, ಮಗಗೊಂದು. ಯಾರ ಮುಂದೂ ಬಾಯಿ ಬಿಡಬ್ಯಾಡ.”

“ನಿನ್ನಾಣಿ ಮೌಶಿ. ಯಾರಿಗೂ ಹೇಳಂಗಿಲ್ಲ,” ಎಂದಿದ್ದ ಅನಿಕೇತ. ಅವನ ದನಿ ನಡುಗಿದ್ದನ್ನು ಅವಳು ಮಮತೆ ಎಂದೇ ತಿಳಿದಳು.

ಕಾಂತಾ ಉಳಿದಳು, ನಿವೃತ್ತಳಾದಳು. ಅನಿಕೇತ ನಾಲ್ಕು ವರ್ಷ ಅವರಿವರ ಸಿನಿಮಾಗಳಲ್ಲಿ ದುಡಿದು, ಕೊನೆಗೆ ತನ್ನದೇ ಒಂದು ಸಿನಿಮಾ ಮಾಡಲು ನಿಂತ. ಹೆಸರು ‘ಬಿಳಿ ಸೆರಗಿನಾಕಿ’. ಒಂದು ಭಾನುವಾರ ಸಿನಿಮಾ ನಡುವೆಯೇ ಟಿವಿ ಆರಿಸಿ ಅವಳೆದುರು ಕೂತ.

“ಮೌಶಿ, ನನ್ನ ಪಿಕ್ಚರದಾಗ ಒಬ್ಬಾಕಿ ಏಂಜಲ್ ಅದಾಳ. ನರ್ಸ್ ಆಕಿ. ಖಾನಾಪುರದ ದವಾಖಾನಿ. ಅಂದ್ರ ನೀನ ಅಂತ ತಿಳಕೋ.”

ಕಾಂತಾ ಕೈಯಲ್ಲಿದ್ದ ಶೇಂಗಾದ ತಟ್ಟೆ ಕೆಳಗಿಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, “ರೆಕ್ಕಿ ಹಚ್ಚತಿಯೇನು?” ಎಂದು ಕೇಳಿದಳು.

“ಇಲ್ಲ.”

“ಫ್ಯಾನು ಹಚ್ಚಿ ಕೂದಲಾ ಹಾರಸತಿಯೇನು?”

“ಇಲ್ಲ ಮೌಶಿ. ನೀ ಹೆಂಗ ಹೇಳತಿ ಹಂಗ. ಬರಕೋತೀನಿ, ಹೇಳು.”

ಅವನು ನಿಜಕ್ಕೂ ಪೆನ್ನು ತೆಗೆದ. ಕಾಂತಾ ಹೇಳುತ್ತ ಹೋದಳು. ಸೀರೆ ಬೆಳ್ಳಗಿರಬಾರದು, ಎಡಗಡೆ ಒಂದು ಹಳೆಯ ಅಯೋಡಿನ್ ಕಲೆ ಇರಲಿ. ಜಡೆ ಹಾಕಿಕೊಂಡಿರಲಿ. ನಡೆಯುವಾಗ ಚಪ್ಪಲಿಯ ಸದ್ದು ಬರಲಿ. ಸದ್ದಿಲ್ಲದೆ ಬರುವ ನರ್ಸನ್ನು ಕಂಡರೆ ರೋಗಿಗಳು ಬೆಚ್ಚುತ್ತಾರೆ. ಬೆಳಕು ನೀಲಿ ಬೇಡ. ಆಕೆ ಹಸಿದಿರಲಿ, ನಿಂತಲ್ಲೇ ಒಣ ಚಪಾತಿ ತಿನ್ನಲಿ. ಅನಿಕೇತ ತಲೆಯಾಡಿಸುತ್ತ ಎಲ್ಲವನ್ನೂ ಬರೆದುಕೊಂಡ. ಆ ವಾರ ಕಾಂತಾ ಓಣಿಯ ಹೆಂಗಸರಿಗೆಲ್ಲ ಹೇಳಿಕೊಂಡು ತಿರುಗಿದಳು. ಎಂದೂ ಜಂಬ ಕೊಚ್ಚದವಳ ಬಾಯಲ್ಲಿ ಇಂಥ ಮಾತು ಬಂದದ್ದು ನೋಡಿ ಅವರೂ ಸಂತೋಷಪಟ್ಟರು.

ಚಿತ್ರೀಕರಣ ಖಾನಾಪುರದ ಹತ್ತಿರ, ಕಾಡಿನ ಅಂಚಿನಲ್ಲಿದ್ದ ಒಂದು ಹಳೆಯ ಹೆಂಚಿನ ಬಂಗಲೆಯಲ್ಲಿ. ಅದನ್ನೇ ಆಸ್ಪತ್ರೆ ಮಾಡಿದ್ದರು. ಅನಿಕೇತ ಮೌಶಿಯನ್ನು ಎರಡು ದಿನ ಕಾರಿನಲ್ಲಿ ಕರೆದೊಯ್ದ. ಅಡುಗೆ ಮಾಡಲು ಬಂದಿದ್ದ ಪ್ರಮಿಳಾ ಎಂಬ ಹೆಂಗಸು ಕಾಂತಾಳನ್ನು ಕಂಡವಳೇ ಸೌಟು ಬಿಟ್ಟು ಓಡಿಬಂದು, “ವಳಖಲಂತ ಕಾ ಸಿಸ್ಟರಬಾಯಿ?” ಎಂದು ಮರಾಠಿಯಲ್ಲಿ ಗುರುತು ಕೇಳಿ ಕೈ ಹಿಡಿದಳು. ಗುರುತಾಗದಿದ್ದರೆ ಹೇಗೆ? ಅವಳ ಇಬ್ಬರು ಮಕ್ಕಳನ್ನೂ ಮೊದಲು ಎತ್ತಿಕೊಂಡವಳು ಕಾಂತಾಳೇ. ಯೂನಿಟ್ಟಿನವರೆಲ್ಲ ನೋಡುತ್ತಿರುವಾಗ ಪ್ರಮಿಳಾ ಕಾಲಿಗೆ ಬಿದ್ದಳು. ಅನಿಕೇತ ಹೆಮ್ಮೆಯಿಂದ ನಕ್ಕ.

ನರ್ಸಿನ ಪಾತ್ರದ ಸಮೃದ್ಧಿ ಧಾರವಾಡದ ಹುಡುಗಿ, ಕಲಿಯುವ ಆಸೆಯವಳು. ಕಾಂತಾ ಅವಳನ್ನು ಮಂಚದ ಬಳಿ ನಿಲ್ಲಿಸಿ ಕೈ ಹಿಡಿಯುವುದನ್ನು ಕಲಿಸಿದಳು. ಎರಡು ಬೆರಳು ನಾಡಿಯ ಮೇಲೆ, ಅಂಗೈ ರೋಗಿಯ ಕೈಯ ಕೆಳಗೆ. ನಾಡಿ ಎಣಿಸುತ್ತಿದ್ದಾಳೆ ಎಂದು ರೋಗಿಗೆ ಗೊತ್ತಾಗಬಾರದು, ಕೈ ಹಿಡಿದಿದ್ದಾಳೆ ಅನ್ನಿಸಬೇಕು.

“ಮಾರಿ ಮ್ಯಾಲ ಕರುಣಾ ತರಬ್ಯಾಡವಾ,” ಎಂದಳು ಕಾಂತಾ. “ಕರುಣಾ ಕಂಡರ ಪೇಶಂಟ ತಾ ಸಾಯತೀನಂತ ತಿಳೀತಾನ. ಮನ್ಯಾಗ ಹಾಲ ಒಲಿ ಮ್ಯಾಲ ಇಟ್ಟ ಬಂದೀನಿ ಅನ್ನೂ ಹಂಗಿರು. ಮಾಮೂಲಿ ಮಾರಿ.”

ಸಮೃದ್ಧಿ ಎರಡೇ ಸಲಕ್ಕೆ ಅದನ್ನು ಹಿಡಿದಳು. ಕಾಂತಾಳಿಗೆ ತನ್ನ ಇಪ್ಪತ್ತೈದನೆಯ ವಯಸ್ಸನ್ನು ಕಂಡಂತಾಯಿತು. ಹೊರಡುವ ಹೊತ್ತಿಗೆ ಆ ಹುಡುಗಿ ಹತ್ತಿರ ಬಂದು, “ಮ್ಯಾಡಮ್, ಮುಂದ ನನ್ನ ರೋಲ್ ಏನಾಗತೈತಿ ಅಂತ ಸರ್ ನಿಮಗ ಹೇಳ್ಯಾರಲ್ಲ?” ಎಂದು ಕೇಳಿದಳು. ಕಾಂತಾ ಉತ್ತರ ಕೊಡುವಷ್ಟರಲ್ಲಿ ಅನಿಕೇತ ಆ ಹುಡುಗಿಯನ್ನು ಕೂಗಿ ಕರೆದ.

ಸಿನಿಮಾ ಬಿಡುಗಡೆಯಾದ ಮೊದಲ ದಿನ ಬೆಳಗಾವಿಯ ಟಾಕೀಜಿನಲ್ಲಿ ಎರಡೂವರೆಯ ಆಟಕ್ಕೆ ಕಾಂತಾಳ ಕಡೆಯವರೇ ಎರಡು ಸಾಲು. ಓಣಿಯವರು, ಜೊತೆಗೆ ಕೆಲಸ ಮಾಡಿದ ನರ್ಸುಗಳು, ಅಕ್ಕ ಪೂರ್ಣಿಮಾ. ಕಾಂತಾ ತಾನೇ ಫೋನು ಮಾಡಿ ಕರೆದದ್ದು ಸತ್ಯಪ್ಪನನ್ನು. ಅವನೀಗ ನಲವತ್ತು ದಾಟಿದ ಗೃಹಸ್ಥ. ಕುರಿ ಮಾರಿ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುವ ಕೆಲಸಕ್ಕೆ ಸೇರಿದ್ದ. “ನಿಮ್ಮ ಪಿಕ್ಚರ್ ಅಂದ ಮ್ಯಾಲ ಬರಲಾರದ ಇರತೀನೇನ್ರಿ ಬಾಯಾರ,” ಎಂದು ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಕಾಂತಾ ಅವನನ್ನು ತನ್ನ ಬಾಜೂಕೇ ಕೂರಿಸಿಕೊಂಡಳು.

ಮೊದಲ ಅರ್ಧ ಗಂಟೆ ಅವಳ ಕಣ್ಣು ಒದ್ದೆಯಾಗಿಯೇ ಇತ್ತು. ಅನಿಕೇತ ಒಂದು ಮಾತನ್ನೂ ಬಿಟ್ಟಿರಲಿಲ್ಲ. ಅಯೋಡಿನ್ ಕಲೆ ಇತ್ತು, ಚಪ್ಪಲಿಯ ಸದ್ದಿತ್ತು, ಒಣ ಚಪಾತಿ ಇತ್ತು. ರೆಕ್ಕೆ ಇಲ್ಲ, ಗಾಳಿ ಇಲ್ಲ. ಹಿಂದಿನ ಸಾಲಿನ ನರ್ಸೊಬ್ಬಳು ಬಗ್ಗಿ, “ಕಾಂತಕ್ಕಾ, ನಿನ್ನ ನೋಡಿದಂಗ ಆಗತೈತಿ,” ಎಂದು ಪಿಸುಗುಟ್ಟಿದಳು.

ಆಮೇಲೆ ಪರದೆಯ ಮೇಲೆ ಮಳೆ ಬಂತು. ಮಂಚದ ಮೇಲೆ ಒಬ್ಬಳು ಕುರಿಗಾರರ ಮುದುಕಿ. ಬಾಗಿಲು ನೋಡುತ್ತ ಮಗನನ್ನು ಕೇಳುತ್ತಿದ್ದಳು. ಕಾಂತಾ ಮುಂದಕ್ಕೆ ಬಾಗಿದಳು. ಸಮೃದ್ಧಿ ಕೈ ಹಿಡಿದಳು, ಎರಡು ಬೆರಳು ನಾಡಿಯ ಮೇಲೆ, ಅಂಗೈ ಕೆಳಗೆ. ಅದೇ ಮಾಮೂಲಿ ಮುಖದಲ್ಲಿ ಹೇಳಿದಳು: “ಬಂದಾನ್ರಿ ಯವ್ವಾ. ಹೊರಗ ನಳದಾಗ ಕಾಲು ತೊಳಕೊಳ್ಳಾಕ ಹತ್ತ್ಯಾನ.”

ಮುದುಕಿ ನಕ್ಕಳು. ಆಗ ನರ್ಸಿನ ದವಡೆ ಕಳಚಿತು. ಬಾಯಿ ಎದೆಯವರೆಗೆ ಇಳಿಯಿತು. ನಗುತ್ತಿದ್ದ ಮುದುಕಿಯ ಉಸಿರನ್ನು ಹೊಗೆಯ ಹಾಗೆ ಎಳೆದು ಕುಡಿಯಿತು. ಟಾಕೀಜು ಕಿರುಚಿತು, ಹಿಂದೆಯೇ ಶಿಳ್ಳೆ ಬಿತ್ತು.

ಕಾಂತಾ ಕಲಿಸಿದ್ದೆಲ್ಲ ಈಗ ಕೆಲಸಕ್ಕೆ ಬಂದಿತ್ತು. ಚಪ್ಪಲಿಯ ಸದ್ದು ಕೇಳಿದರೆ ಸಾಕು ಜನ ಕುರ್ಚಿಯ ಕೈ ಹಿಡಿಯುತ್ತಿದ್ದರು. ಒಣ ಚಪಾತಿ ತಿನ್ನುತ್ತಿದ್ದವಳ ಹಸಿವು ಏನೆಂದು ಈಗ ಎಲ್ಲರಿಗೂ ಗೊತ್ತಾಗಿತ್ತು. ಅವಳು ರೋಗಿಯಿಂದ ರೋಗಿಗೆ ಹೋಗಿ ಕೈ ಹಿಡಿದು “ಕಾಲು ತೊಳಕೊಳ್ಳಾಕ ಹತ್ತ್ಯಾನ” ಅಂದಾಗಲೆಲ್ಲ ಬಾಲ್ಕನಿಯ ಹುಡುಗರು ಜೊತೆಗೂಡಿ ಕೂಗಿದರು. ರೆಕ್ಕೆ ಕಟ್ಟಿಕೊಂಡು ನೀಲಿ ಬೆಳಕಿನಲ್ಲಿ ಬಂದಿದ್ದರೆ ಒಬ್ಬರೂ ಹೆದರುತ್ತಿರಲಿಲ್ಲ. ಖರೇ ನರ್ಸಿನ ಹಾಗಿದ್ದಳು, ಅದಕ್ಕೇ ಅಷ್ಟು ಹೆದರಿದರು.

ಮಧ್ಯಂತರಕ್ಕೆ ಸ್ವಲ್ಪ ಮೊದಲು ಆ ಮುದುಕಿಯ ಮಗ ಬಂದ. ಹಣೆ ಚಚ್ಚಿಕೊಂಡ. “ನನ್ನ ಕೇಳಿದಳೇನ್ರಿ?” ಎಂದ. ನರ್ಸು ತುಟಿ ಒರೆಸಿಕೊಂಡು ಹೇಳಿದಳು: “ಇಲ್ಲಪಾ. ನಿದ್ದಿಯೊಳಗ ಹೋದಳು. ಯಾರನ್ನೂ ಕೇಳಲಿಲ್ಲ.”

ಕಾಂತಾ ಮೆಲ್ಲಗೆ ಬಲಕ್ಕೆ ತಿರುಗಿದಳು. ಸತ್ಯಪ್ಪ ಪರದೆ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. ದೀಪ ಹತ್ತಿದಾಗ ಎದ್ದು, ಜನರ ಮೊಣಕಾಲುಗಳನ್ನು ದಾಟಿಕೊಂಡು ಹೊರಗೆ ಹೋದ.

ಕಾಂತಾ ಉಳಿದರ್ಧ ನೋಡಲಿಲ್ಲ. ಟಾಕೀಜಿನ ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕೂತಳು. ಒಳಗಿನಿಂದ ಕಿರುಚಾಟ ಬಂದಾಗಲೆಲ್ಲ, ಅದು ಯಾರನ್ನು ಕಂಡು ಕಿರುಚುತ್ತಿರುವುದು ಎಂದು ಅವಳಿಗೆ ಗೊತ್ತಿತ್ತು.

ಆಟ ಬಿಟ್ಟಾಗ ಅನಿಕೇತನ ಕೊರಳಲ್ಲಿ ಎರಡು ಹಾರ. ಜನ ಮುತ್ತಿಕೊಂಡು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವನು ಮೌಶಿಯನ್ನು ಕಂಡು ಎಲ್ಲರನ್ನೂ ಸರಿಸಿ ಬಂದ. ಮುಖ ನೋಡಿದ ಮೇಲೆ ನಗು ತುಸು ಇಳಿಯಿತು.

“ಸಿಟ್ಟ ಬಂದೈತೇನು ಮೌಶಿ?”

“ನನ್ನಾಣಿ ಮಾಡಿದ್ದಿ ನೀ.”

“ನಾ ಯಾರ ಹೆಸರೂ ಹೇಳಿಲ್ಲಲ್ಲ. ಇದು ಕತಿ.”

“ಅವಾ ನನ್ನ ಬಾಜೂಕ ಕುಂತಿದ್ದನೋ! ಸತ್ಯಪ್ಪ!”

ಅನಿಕೇತ ಬೆಚ್ಚಿದ್ದು ಖರೇ. ಅವನು ಬರುತ್ತಾನೆಂದು ಇವನಿಗೆ ಗೊತ್ತಿರಲಿಲ್ಲ. ಆದರೆ ಬೆಚ್ಚಿದ ಮುಖ ಬಹಳ ಹೊತ್ತು ನಿಲ್ಲಲಿಲ್ಲ. “ಮೌಶಿ, ಚಲೋ ನರ್ಸಿನ ಪಿಕ್ಚರ್ ಮಾಡಿದ್ರ ಯಾರ ಬರತಾರ ಹೇಳು? ನೀನ ಅಂತಿದ್ದೆಲ್ಲಾ, ಪಿಕ್ಚರದಾಗಿನ ಏಂಜಲ್ ಎಲ್ಲಾ ಡೂಪ್ಲಿಕೇಟ್ ಅಂತ. ನಾ ಒರಿಜಿನಲ್ ತೋರಿಸೀನಿ.”

“ಒರಿಜಿನಲ್ ಅಂದ್ರ ಸಾಯೂರ ಉಸಿರ ಕುಡಿಯಾಕಿ?”

ಅನಿಕೇತ ಹಾರ ತೆಗೆದು ಕೈಯಲ್ಲಿ ಹಿಡಿದ. ದನಿ ತಗ್ಗಿಸಿದ. “ಖರೇ ಹೇಳಲಿ? ಅವತ್ತ ನೀ ಬಾಗಿಲ ಆಚೀಗಿಂದ ಅದನ್ನ ಹೇಳಿದಾಗ ನನಗ ಅಂಜಿಕಿ ಬಂತು. ಎಷ್ಟ ಚಂದ ಸುಳ್ಳ ಹೇಳತಾಳ ನಮ್ಮ ಮೌಶಿ ಅಂತ. ಸಣ್ಣಾಂವ ಇದ್ದಾಗ ನನಗ ಹೇಳಿದ್ದರಾಗ ಯಾವುದು ಖರೇ, ಯಾವುದು ಸುಳ್ಳು ಅಂತ ಕುಂತ ಎಣಿಸೀನಿ. ಆ ಅಂಜಿಕೀನ ಪಿಕ್ಚರ್ ಮಾಡೀನಿ ನಾ. ಬ್ಯಾರೆ ಏನಿಲ್ಲ.”

ಅಂದು ಬಾಗಿಲಾಚೆ ನಡುಗಿದ ದನಿ ಮಮತೆಯದ್ದಾಗಿರಲಿಲ್ಲ. ಅವನು ಬೆಚ್ಚಿ ಕೂತಿದ್ದ, ಇವಳು ಅದನ್ನು ಪ್ರೀತಿ ಎಂದು ಐದು ವರ್ಷ ಎದೆಯಲ್ಲಿಟ್ಟುಕೊಂಡಿದ್ದಳು. ಸಿನಿಮಾಕ್ಕಿಂತ ಇದೇ ಹೆಚ್ಚು ಉರಿಯಿತು.

“ಅವತ್ತ ನನಗ ಕೇಳಬೇಕಿತ್ತಪಾ,” ಎಂದಳು ಕೊನೆಗೆ. “‘ಮೌಶಿ, ನನಗೂ ಸುಳ್ಳ ಹೇಳೀಯೇನು’ ಅಂತ. ಹೇಳತಿದ್ದೆ. ನೀ ನನ್ನ ಕೇಳಲಿಲ್ಲ. ಊರಿಗೆಲ್ಲಾ ಕೇಳಿಸಿದಿ.” ಪೂರ್ಣಿಮಾ ಹಿಂದಿನಿಂದ ಕೂಗುತ್ತಿದ್ದರೂ ಕಾಂತಾ ಆಟೋ ಹತ್ತಿ ಮನೆಗೆ ಹೋದಳು.

ಆ ವಾರ ಸಿನಿಮಾ ತುಂಬಿ ಓಡಿತು. ಓಣಿಯ ಮಕ್ಕಳು ಒಬ್ಬರನ್ನೊಬ್ಬರು ಬೆನ್ನಟ್ಟಿ “ಕಾಲು ತೊಳಕೊಳ್ಳಾಕ ಹತ್ತ್ಯಾನ” ಎಂದು ಕಿರುಚಿ ಓಡುತ್ತಿದ್ದರು. ಕಾಯಿಪಲ್ಲೆ ಕೊಳ್ಳಲು ಹೋದರೆ ಹೆಂಗಸರು ಮೊದಲಿನಂತೆಯೇ ನಕ್ಕು ಮಾತಾಡಿಸಿದರು. ಆದರೆ ಕೆಳಮನೆಯ ಗೌರವ್ವ ಮಾತ್ರ, ಬಿ.ಪಿ. ನೋಡಿಸಿಕೊಳ್ಳಲು ಪ್ರತಿ ಬುಧವಾರ ಬರುತ್ತಿದ್ದವಳು, ಆ ಬುಧವಾರ ಬರಲಿಲ್ಲ. ಕಾಂತಾ ಯಂತ್ರವನ್ನು ಮೇಜಿನ ಮೇಲಿಟ್ಟು ಹನ್ನೆರಡರ ತನಕ ಕಾದಳು. ಅನಿಕೇತನ ಫೋನು ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಎತ್ತಲಿಲ್ಲ.

ಅವಳ ನಿದ್ದೆ ಕೆಡಿಸಿದ್ದು ಸತ್ಯಪ್ಪ. ಅವನಿಗೆ ಫೋನು ಮಾಡಿದರೆ ಅವನೂ ಎತ್ತುತ್ತಿರಲಿಲ್ಲ. ಆರನೆಯ ದಿನ ಬೆಳಿಗ್ಗೆ ಕಾಂತಾ ಸಾಂಬ್ರಾಕ್ಕೆ ಬಸ್ಸು ಹಿಡಿದಳು.

ವಿಮಾನ ನಿಲ್ದಾಣದ ಗೇಟಿನಾಚೆ, ಚಹಾದ ಗಾಡಿಯ ಬಳಿ ತಾಸುಗಟ್ಟಲೆ ನಿಂತ ಮೇಲೆ ಸತ್ಯಪ್ಪ ಹೊರಗೆ ಬಂದ. ಹಳದಿ ಕೋಟಿನಲ್ಲಿ ಬೇರೆಯವನ ಹಾಗೆ ಕಾಣುತ್ತಿದ್ದ. ಅವಳನ್ನು ನೋಡಿ ನಿಂತ. ಎಂದಿನಂತೆ ಕಾಲಿಗೆ ಬಗ್ಗಲಿಲ್ಲ.

“ಕುಂದರ್ರಿ,” ಎಂದ, ಕಲ್ಲು ಹಾಸು ತೋರಿಸಿ. ತಾನು ನಿಂತೇ ಇದ್ದ.

“ಸತ್ಯಪ್ಪಾ, ಸಾಯಾಕ ಹತ್ತಿದಾಕಿಗೆ ಸುಳ್ಳ ಹೇಳಿದೆ ನಾ. ನೀ ಬಂದಿ ಅಂತ. ತಪ್ಪಾತಂತ...”

“ಅದಕ್ಕ ನಂದೇನೂ ಇಲ್ರಿ,” ಎಂದು ಅವನು ಅರ್ಧಕ್ಕೇ ತಡೆದ. “ನೀವಲ್ಲದಿದ್ರ ನಾನರೆ ಏನ ಹೇಳತಿದ್ದೆ? ನಮ್ಮವ್ವ ನಕ್ಕೋತ ಹೋದಳು. ಅದು ಚಲೋನ ಆತು. ಆದ್ರ ನನಗ ಯಾಕ ಹಂಗ ಹೇಳಿದ್ರಿ?”

“ನಿನ್ನ ಹಣಿ ಒಡದಿತ್ತಪಾ. ಎರಡ ದಿನ ನಿನ್ನ ಹಾದಿ ನೋಡಿದಳಂದ್ರ ನೀ ಏನ ಮಾಡಿಕೋತಿದ್ದೆನೋ ಅಂತ—”

“ಇಪ್ಪತ್ತ ವರ್ಷ್ರೀ ಬಾಯಾರ!” ಸತ್ಯಪ್ಪನ ದನಿಗೆ ಚಹಾದ ಗಾಡಿಯವನು ತಿರುಗಿ ನೋಡಿದ. “ಇಪ್ಪತ್ತ ವರ್ಷ ನಾ ಏನ ತಿಳದೀನಿ ಗೊತ್ತೈತೇನ್ರಿ? ನಮ್ಮವ್ವ ಸಾಯೂಮುಂದ ನನ್ನ ನೆನಸಲಿಲ್ಲಂತ ತಿಳದೀನಿ. ಹೋಗೂಮುಂದ ಆಕಿ ಕೂಡ ಜಗಳಾ ಮಾಡಿದ್ದೆ. ಸಿಟ್ಟ ಇಟ್ಟಕೊಂಡ ಹೋದಳು, ಅದಕ್ಕ ಕೇಳಲಿಲ್ಲಂತ ತಿಳದೀನಿ. ಕುರಿ ಯಾಕ ಮಾರಿದೆ ನಾನು? ಅವನ್ನ ಕಂಡರ ಆ ಜಗಳಾ ನೆನಪಾಕ್ಕಿತ್ತು. ನಿಮಗ ಅಕ್ಕಿ ತಂದು ಕೊಡತಿದ್ದೆ, ಮನಿಗೆ ಹೋಗಿ ಅಳತಿದ್ದೆ.”

ಕಾಂತಾ ಕಲ್ಲಿನ ಮೇಲೆ ಕೂತೇ ಬಿಟ್ಟಳು. ತಾಯಿಗೆ ಹೇಳಿದ ಸುಳ್ಳನ್ನು ಅವಳು ಸಾವಿರ ಸಲ ತೂಗಿ ನೋಡಿದ್ದಳು. ಮಗನಿಗೆ ಹೇಳಿದ್ದು ಸಣ್ಣದೆಂದು, ಗಾಯಕ್ಕೆ ಹಚ್ಚಿದ ಮುಲಾಮೆಂದು ಒಂದು ದಿನವೂ ಅದರ ಕಡೆ ಸರಿಯಾಗಿ ನೋಡಿರಲಿಲ್ಲ. ಗಾಯ ಒಳಗೊಳಗೇ ಕೀವುಗಟ್ಟಿತ್ತು. ನರ್ಸಾದ ತನಗೇ ಅದು ಕಾಣಲಿಲ್ಲ.

“ಒಬ್ಬ ಕುರಿಗಾರಗ ತನ್ನ ತಾಯಿ ಸುದ್ದಿ ಹೇಳಾಕ ದೆವ್ವದ ಪಿಕ್ಚರ್ ಬರಬೇಕಾತು,” ಎಂದು ಸತ್ಯಪ್ಪ ಕಣ್ಣೊರೆಸಿಕೊಂಡ. “ಅಲ್ಲೆ ಎಲ್ಲಾರೂ ಅಂಜಿ ಚೀರಾಕ ಹತ್ತಿದ್ರು. ನನಗ ಒಳಗ ಖುಷಿ ಆಗಾಕ ಹತ್ತಿತ್ತು. ನಮ್ಮವ್ವ ನನ್ನ ಕೇಳಿದಳು ಅಂತ. ಅದಕ್ಕ ಎದ್ದ ಹೋದೆ. ಹಂತಾದ್ದಕ್ಕ ಖುಷಿಪಡತೀನಲ್ಲಾ ಅಂತ ನನಗ ನಾಚಿಕಿ ಬಂತು.”

ಆಮೇಲೆ ಸತ್ಯಪ್ಪ ಅವಳ ಬಾಜೂಕೆ, ತುಸು ದೂರದಲ್ಲಿ ಕೂತ.

“ಪಿಕ್ಚರದಾಗ ಇಲ್ಲದ್ದು ಏನರೆ ಐತೇನ್ರಿ?” ಎಂದು ಕೇಳಿದ. “ಇದ್ರ ಹೇಳ್ರಿ. ಖರೇ ಇದ್ದದ್ದ ಹೇಳ್ರಿ.”

ಕಾಂತಾ ಹೇಳಿದಳು. ಅವನು ಜಗಳವಾಡಿ ಹೋದದ್ದನ್ನು ಕಾಡವ್ವ ಎತ್ತಲೇ ಇಲ್ಲ ಎಂದಳು. ಬಾಗಿಲಲ್ಲಿ ಯಾವ ನೆರಳು ಬಿದ್ದರೂ ತಲೆ ಎತ್ತುತ್ತಿದ್ದಳು. ಎರಡನೆಯ ದಿನ ಕೊಟ್ಟ ಬ್ರೆಡ್ಡಿನಲ್ಲಿ ಅರ್ಧ ತಿಂದು, ಉಳಿದದ್ದನ್ನು ‘ನಮ್ಮ ಹುಡುಗ ಹಸದ ಬರತಾನ’ ಎಂದು ತಲೆದಿಂಬಿನ ಕೆಳಗೆ ಇಟ್ಟಿದ್ದಳು. ಕೊನೆಗೆ ಕಂಬಳಿಯ ಮಾತು. ಸಿನಿಮಾದಲ್ಲಿ ಅದಿರಲಿಲ್ಲ, ಅನಿಕೇತನಿಗೆ ಅದು ಬೇಕಾಗಿರಲಿಲ್ಲವೇನೋ. ಹಿಂಡಿ ಒಣಹಾಕು ಅಂದಳು ಎಂದಾಗ ಸತ್ಯಪ್ಪ ಮುಖ ಮುಚ್ಚಿಕೊಂಡು ಬಿಕ್ಕಿದ. ಕಾಂತಾಳ ಕೈ ತಾನಾಗಿಯೇ ಅವನ ಕೈಯತ್ತ ಹೋಯಿತು. ಅರ್ಧದಲ್ಲಿ ಅವಳಿಗೆ ಪರದೆಯ ಮೇಲಿನ ಆ ಎರಡು ಬೆರಳು ನೆನಪಾಯಿತು. ಹಿಂದಕ್ಕೆ ತೆಗೆದುಕೊಂಡಳು.

ವಿಮಾನ ಇಳಿಯುವ ಸದ್ದು ಕೇಳಿ ಸತ್ಯಪ್ಪ ಎದ್ದ.

“ನಮ್ಮ ತಂಗಿ ಇದ್ದಾಳ್ರಿ ಊರಾಗ,” ಎಂದ, ಕೋಟಿನ ಗುಂಡಿ ಹಾಕಿಕೊಳ್ಳುತ್ತ. “ಆಕೀನೂ ಹಂಗ ತಿಳಕೊಂಡ ಕುಂತಾಳ. ನಾ ಹೇಳಿದ್ರ ನಂಬಂಗಿಲ್ಲ. ನೀವ ಬಂದ ಹೇಳಬೇಕು.”

“ಬರತೀನಿ.”

“ಮತ್ತ ನಿಮ್ಮ ಮ್ಯಾಲಿನ ಸಿಟ್ಟ ಇನ್ನೂ ಹೋಗಿಲ್ರಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ,” ಎಂದು ಹೇಳಿ ಅವನು ಗೇಟಿನೊಳಗೆ ಹೋದ.

ಮರಳುವ ಬಸ್ಸಿನಲ್ಲಿ ಕಿಟಕಿಯ ಬಳಿ ಸೀಟು ಸಿಕ್ಕಿತು. ಸಿನಿಮಾದವರು ದೇವತೆಗಳಿಗೆ ರೆಕ್ಕೆ ಯಾಕೆ ಕಟ್ಟುತ್ತಾರೆಂದು ಅವಳಿಗೆ ಈಗ ಹೊಳೆಯಿತು. ಮಾತು ಹೇಳಿ ಹಾರಿ ಹೋಗಬಹುದು. ಹೇಳಿದ ಮಾತು ಇಪ್ಪತ್ತು ವರ್ಷದ ಮೇಲೆ ಏನಾಯಿತೆಂದು ನೋಡಲು ಬಸ್ಸು ಹಿಡಿದು ಬರಬೇಕಾಗಿಲ್ಲ.

ಮಗ್ಗುಲಲ್ಲಿಟ್ಟ ಫೋನು ರಿಂಗಾಯಿತು. ಅನಿಕೇತ. ಈ ಸಲ ಎತ್ತಿದಳು.

“ಮೌಶಿ! ಎತ್ತಿದೆಲ್ಲಾ ಅಂತೂ. ಎಲ್ಲಿ ಅದೀ? ಮನಿಗೆ ಬಂದೀನಿ, ಕೀಲಿ ಹಾಕೇತಿ. ಸತ್ಯಪ್ಪನ ಕಡೆ ಹೋಗಿದ್ದೇನು? ಏನಂದ ಅವ?” ಆ ಕುತೂಹಲದ ದನಿ ಅವಳಿಗೆ ಗೊತ್ತು. ಭಾನುವಾರ ಮಧ್ಯಾಹ್ನ ಇನ್ನೊಂದು ಹೇಳು, ಇನ್ನೊಂದು ಹೇಳು ಎಂದು ಪೀಡಿಸುತ್ತಿದ್ದ ದನಿ. ಅವಳ ನಾಲಿಗೆಯ ತುದಿಗೆ ಎಲ್ಲವೂ ಬಂದು ನಿಂತಿತು, ಬ್ರೆಡ್ಡಿನ ತುಂಡೂ ಸೇರಿ. ಅದು ಸತ್ಯಪ್ಪನ ಪಾಲಿನದು, ಇನ್ನೊಂದು ಸಿನಿಮಾಕ್ಕಲ್ಲ.

“ಇಲ್ಲಪಾ,” ಎಂದಳು ಕಾಂತಾ, ಮಾಮೂಲಿ ದನಿಯಲ್ಲಿ. “ಕಾಯಿಪಲ್ಲೆ ತರಾಕ ಬಂದಿದ್ದೆ. ಕುಂದರು ಅಲ್ಲೇ, ಬರತೀನಿ. ಊಟ ಆಗೇತೋ ಇಲ್ಲೋ?”

ಅವನು ಊಟವಾಗಿಲ್ಲ ಎಂದ. ಅವಳು ಫೋನು ಇಟ್ಟಳು.